ಬೆಸುಗೆಯಲ್ಲಿ ಬಿರುಕು ಏಕೆ?

1943ನೆಯ ಇಸವಿ ಜನವರಿ 16ರ ರಾತ್ರಿ. ಅಮೆರಿಕದ ಪೋರ್ಟ್‌ಲೆಂಡ್ ನಗರದ ಹಡಗುಕಟ್ಟೆಯಲ್ಲಿ ಶೆನೆಕ್ಟಡಿ ಎಂಬ ಹೊಸ ತೈಲವಾಹಕ ಹಡಗು ಶಾಂತವಾದ ನೀರಿನಲ್ಲಿ ನಿಂತಿತ್ತು. ಬಿರುಗಾಳಿಯಿರಲಿಲ್ಲ, ಯುದ್ಧಕಾಲವಾದರೂ ಶತ್ರುವಿನ ದಾಳಿಯಾಗಿರಲಿಲ್ಲ. ಇದ್ದಕ್ಕಿದ್ದಂತೆ ಭಾರಿ ಸದ್ದಿನೊಡನೆ ಹಡಗಿನ ಮೇಲಟ್ಟವೂ ಎರಡು ಪಕ್ಕಗಳೂ ನಡುವೆ ಸೀಳಿಹೋದುವು. ತಳದ ಫಲಕಗಳು ಮಾತ್ರ ಎರಡು ಭಾಗಗಳನ್ನೂ ಹಿಡಿದುಕೊಂಡಿದ್ದುವು. ಆ ಹಡಗಿನ ಉಕ್ಕಿನ ಫಲಕಗಳನ್ನು ಹಿಂದಿನಂತೆ ರಿವೆಟ್ಟುಗಳಿಂದ ಜೋಡಿಸದೆ ಬೆಸುಗೆಯಿಂದ ಕೂಡಿಸಿದ್ದರು. ಆ ಕಾಲದ ಬೆಸುಗೆಯ ಹಡಗುಗಳು ಹೀಗೆ ಸೀಳಿದ ಪ್ರಸಂಗಗಳು ಇನ್ನೂ ಹಲವು. ಇದಕ್ಕೆ ಕಾರಣವೇನು?

ಮೊದಲು ಬೆಸುಗೆ ಆಗುವ ಬಗೆಯನ್ನು ನೋಡೋಣ. ಬೆಸುಗೆಯ ಕಡ್ಡಿಗೂ ಉಕ್ಕಿಗೂ ನಡುವೆ ಹೊತ್ತುವ ವಿದ್ಯುಚ್ಚಾಪದ ಉಷ್ಣತೆ ಹಲವು ಸಾವಿರ ಡಿಗ್ರಿಗಳು. ಉಕ್ಕು ಕರಗಲು ಸುಮಾರು 1500 ಡಿಗ್ರಿ ಸೆಂಟಿಗ್ರೇಡ್ ಸಾಕು. ಆದುದರಿಂದ ಚಾಪ ತಾಕಿದೆಡೆ ಎರಡು ಫಲಕಗಳ ಅಂಚುಗಳೂ ಕಡ್ಡಿಯ ತುದಿಯೂ ಕರಗಿ ದ್ರವಲೋಹದ ಪುಟ್ಟ ಕೊಳವೊಂದು ಉಂಟಾಗುತ್ತದೆ. ಚಾಪ ಮುಂದೆ ಸಾಗಿದೊಡನೆ ಸುತ್ತಣ ತಣ್ಣನೆಯ ಉಕ್ಕು ಶಾಖವನ್ನು ಹೀರಿಕೊಳ್ಳುವುದರಿಂದ ಕೊಳವು ಕೆಲವೇ ಸೆಕೆಂಡುಗಳಲ್ಲಿ ಗಟ್ಟಿಯಾಗುತ್ತದೆ.

ಹೀಗೆ ಗಟ್ಟಿಯಾಗುವಾಗ ಹರಳುಗಳು ಅಂಚಿನಿಂದ ಹುಟ್ಟಿ ನಡುವಿನ ಕಡೆಗೆ ಬೆಳೆಯುತ್ತವೆ. ಕಬ್ಬಿನ ಪಾಕದಲ್ಲಿ ಸಕ್ಕರೆ ಹರಳುಗಟ್ಟುವಾಗ ಕಲ್ಮಷವೆಲ್ಲ ಕಾಕಂಬಿಯಲ್ಲಿ ಉಳಿಯುವಂತೆ, ಉಕ್ಕಿನಲ್ಲಿರುವ ಗಂಧಕವೂ ಕೊನೆಗೆ ಉಳಿದ ದ್ರವದಲ್ಲಿ ಕೂಡಿಕೊಳ್ಳುತ್ತದೆ. ಕಬ್ಬಿಣವೂ ಗಂಧಕವೂ ಸೇರಿದ ಈ ದ್ರವ ಸುಮಾರು 988 ಡಿಗ್ರಿಯವರೆಗೂ ಗಟ್ಟಿಯಾಗದೆ, ಹರಳುಗಳ ನಡುವೆ ತೆಳುವಾದ ಪೊರೆಯಂತೆ ನಿಲ್ಲಬಲ್ಲುದು. ಅಷ್ಟರಲ್ಲಿ ಸುತ್ತಣ ಲೋಹ ತಣಿದು ಕುಗ್ಗುತ್ತಿರುತ್ತದೆ. ದ್ರವಕ್ಕೆ ಎಳೆತವನ್ನು ತಡೆಯುವ ಶಕ್ತಿಯೆಲ್ಲಿಯದು? ಬೆಸುಗೆ ನಡುವೆಯೇ ಬಿರಿಯುತ್ತದೆ. ಇದೇ ಬಿಸಿ ಬಿರುಕು. ಉಕ್ಕಿಗೆ ಮ್ಯಾಂಗನೀಸನ್ನು ಸೇರಿಸಿದರೆ ಅದು ಗಂಧಕವನ್ನು ತನ್ನೊಡನೆ ಸೇರಿಸಿಕೊಂಡು ಬೇಗನೆ ಗಟ್ಟಿಯಾಗುವ ಸಂಯುಕ್ತವಾಗುವುದರಿಂದ ಈ ಅಪಾಯ ಕಡಿಮೆಯಾಗುತ್ತದೆ.

ಕುಗ್ಗುವಿಕೆಯ ಬಲವನ್ನು ನಾವು ಲೆಕ್ಕದಿಂದಲೇ ತಿಳಿಯಬಹುದು. 1 ಮೀಟರು ಉದ್ದದ ಉಕ್ಕಿನ ಸಲಾಕೆ 1 ಡಿಗ್ರಿ ತಣಿದರೆ ಸುಮಾರು 0.012 ಮಿಲಿಮೀಟರು ಕುಗ್ಗುತ್ತದೆ. ಅದರ ಎರಡು ತುದಿಗಳನ್ನೂ ಅಲುಗದಂತೆ ಬಿಗಿದಿದ್ದರೆ, ಕೇವಲ 100 ಡಿಗ್ರಿ ತಣಿಯುವಷ್ಟರಲ್ಲಿ ಸಾಮಾನ್ಯ ಉಕ್ಕನ್ನು ಶಾಶ್ವತವಾಗಿ ಹಿಗ್ಗಿಸುವಷ್ಟು ಎಳೆತ ಉಂಟಾಗುತ್ತದೆ. ಬೆಸುಗೆ ತಣಿಯುವುದಾದರೋ ಸಾವಿರ ಡಿಗ್ರಿಗೂ ಮೇಲಿನಿಂದ! ಈ ಎಳೆತದ ಬಹುಭಾಗ ಬೆಸುಗೆಯಲ್ಲಿಯೇ ಅಡಗಿ ಉಳಿಯುತ್ತದೆ.

ಬಿರುಕು ತಡವಾಗಿಯೂ ಬರಬಹುದು. ಕಡ್ಡಿಯ ಲೇಪದಲ್ಲಿ ತೇವವಿದ್ದರೆ ಚಾಪದ ಶಾಖಕ್ಕೆ ಅದು ಒಡೆದು ಜಲಜನಕ ಹೊರಬರುತ್ತದೆ. ಕರಗಿದ ಉಕ್ಕು ಅದನ್ನು ಹೀರಿಕೊಳ್ಳುತ್ತದೆ. ಬೇಗ ತಣಿದು ಗಡುಸಾದ ಉಕ್ಕಿನಲ್ಲಿ ಸಿಕ್ಕಿಬಿದ್ದ ಈ ಅನಿಲವೂ ಅಡಗಿದ ಎಳೆತವೂ ಕೂಡಿ, ಗಂಟೆಗಳ ಅಥವಾ ದಿನಗಳ ಬಳಿಕ ಲೋಹವನ್ನು ಸೀಳುತ್ತವೆ. ಆದ್ದರಿಂದಲೇ ನುರಿತ ಬೆಸುಗೆಗಾರರು ಕಡ್ಡಿಗಳನ್ನು ಒಲೆಯಲ್ಲಿ ಒಣಗಿಸುತ್ತಾರೆ. ದಪ್ಪ ಫಲಕಗಳನ್ನು ಮೊದಲೇ ಕಾಯಿಸಿಕೊಂಡು ನಿಧಾನವಾಗಿ ತಣಿಯಲು ಬಿಡುತ್ತಾರೆ.

ಇನ್ನು ಹಡಗುಗಳ ವಿಷಯ. ಕೇಂಬ್ರಿಜ್ಜಿನ ವಿಜ್ಞಾನಿ ಕಾನ್‌ಸ್ಟನ್ಸ್ ಟಿಪ್ಪರ್ ಆ ಮುರಿದ ಹಡಗುಗಳ ಉಕ್ಕನ್ನು ಪರೀಕ್ಷಿಸಿ, ಅದು ಒಂದು ಮಿತಿಗಿಂತ ತಣ್ಣಗಾದರೆ ಬಾಗುವ ಗುಣವನ್ನು ಕಳೆದುಕೊಂಡು ಪೆಡಸಾಗುವುದೆಂದು ತೋರಿಸಿದರು. ಬೆಸುಗೆಯ ದೋಷದಲ್ಲಿಯೋ ಚೂಪಾದ ಮೂಲೆಯಲ್ಲಿಯೋ ಹುಟ್ಟಿದ ಸಣ್ಣ ಬಿರುಕು ಅಂಥ ಉಕ್ಕಿನಲ್ಲಿ ಮಿಂಚಿನಂತೆ ಓಡುತ್ತದೆ. ರಿವೆಟ್ಟಿನ ಹಡಗಿನಲ್ಲಿ ಅದು ಫಲಕದ ಅಂಚಿಗೆ ಬಂದು ನಿಲ್ಲುತ್ತಿತ್ತು. ಬೆಸುಗೆಯ ಹಡಗಿನ ಒಡಲೆಲ್ಲ ಒಂದೇ ಅಖಂಡ ಲೋಹ. ಅಲ್ಲಿ ಬಿರುಕನ್ನು ತಡೆಯುವ ಅಂಚೇ ಇರಲಿಲ್ಲ.

ಬೆಸುಗೆಯನ್ನು ಕೈಬಿಡುವುದು ಇದಕ್ಕೆ ಪರಿಹಾರವಾಗಲಿಲ್ಲ. ಚಳಿಯಲ್ಲಿಯೂ ಪೆಡಸಾಗದ ಉಕ್ಕನ್ನು ಆರಿಸಿದರು, ಮೂಲೆಗಳನ್ನು ದುಂಡಗೆ ಮಾಡಿದರು, ಬೆಸುಗೆಗಳನ್ನು ಕ್ಷಕಿರಣಗಳಿಂದ ಪರೀಕ್ಷಿಸತೊಡಗಿದರು. ಶೆನೆಕ್ಟಡಿಯೂ ದುರಸ್ತಿಯಾಗಿ ಮತ್ತೆ ಕಡಲಿಗಿಳಿಯಿತು. ಇಂದು ನಾವು ದಾಟುವ ಸೇತುವೆಗಳೂ ನಮ್ಮ ಅಡುಗೆಮನೆಯ ಅನಿಲದ ಸಿಲಿಂಡರುಗಳೂ ಬೆಸುಗೆಯನ್ನೇ ನಂಬಿವೆ. ಬೆಸುಗೆಗಾರನು ಕಡ್ಡಿಗಳನ್ನು ಒಣಗಿಸಲು ಕಾಯುವ ಒಂದೆರಡು ಗಂಟೆಗಳು ವ್ಯರ್ಥವೆಂದು ಯಾರಾದರೂ ಅವಸರಪಡಿಸಿದರೆ, ಅವರಿಗೆ ಆ ಹಡಗಿನ ಕಥೆಯನ್ನು ಹೇಳಬೇಕು.