ಬೆಸುಗೆಯ ಹೊಗೆ ಹೊಟ್ಟೆಗೂ ಇಳಿಯುತ್ತದೆ

ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ರಜೆ. ಮಂಗಳೂರಿನ ಹಳೆ ಬಂದರಿನ ಧಕ್ಕೆಯಲ್ಲಿ ಬೋಟುಗಳು ಸಾಲುಗಟ್ಟಿ ನಿಂತಿರುತ್ತವೆ. ಆದರೆ ಬೋಟಿನ ರಜೆಯೇ ವೆಲ್ಡರನ ಸುಗ್ಗಿ. ತುಕ್ಕು ಹಿಡಿದ ತಗಡು ಕತ್ತರಿಸಿ, ಹೊಸ ತುಂಡು ಕೂಡಿಸಿ, ಗಾಳಿಯಾಡದ ಇಂಜಿನ್ ಕೋಣೆಯಲ್ಲಿ ಮಂಡಿಯೂರಿ ಬೆಸುಗೆ ಹಾಕುವ ಕೆಲಸ. ಬೈಕಂಪಾಡಿಯ ಶೆಡ್ಡುಗಳಲ್ಲಿ, ಗೇಟು-ಗ್ರಿಲ್ ಅಂಗಡಿಗಳಲ್ಲಿ ಇದು ವರ್ಷವಿಡೀ ಇದ್ದದ್ದೇ.

ವೆಲ್ಡರನ ಕಾಯಿಲೆ ಎಂದಾಗ ಮೊದಲು ನೆನಪಾಗುವುದು ಕಣ್ಣು, ಆಮೇಲೆ ಶ್ವಾಸಕೋಶ. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಬೆಸುಗೆಯ ಹೊಗೆಯನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದ್ದೂ ಮುಖ್ಯವಾಗಿ ಶ್ವಾಸಕೋಶದ ಲೆಕ್ಕದಲ್ಲೇ. ಹೊಟ್ಟೆಯ ಮಾತು ಬರುವುದೇ ಇಲ್ಲ. ಕೆಲಸಕ್ಕೆ ಸೇರಿದ ಹುಡುಗ ಊಟ ಬಿಟ್ಟರೆ ಮನೆಯವರು ‘ಗ್ಯಾಸ್ಟ್ರಿಕ್’ ಎಂದು ತೀರ್ಮಾನಿಸಿ, ಹೋಟೆಲಿನ ತಿಂಡಿಯನ್ನು ಬೈದು, ಜೀರಿಗೆ ಕಷಾಯ ಕುಡಿಸುತ್ತಾರೆ.

ಹೊಗೆ ಹೊಟ್ಟೆಗೆ ಹೋಗುವುದು ಹೇಗೆ? ಉಸಿರಿನೊಡನೆ ಒಳಸೇರಿದ ಲೋಹದ ಕಣಗಳಲ್ಲಿ ಕೆಲವು ಶ್ವಾಸನಾಳದ ಲೋಳೆಗೆ ಅಂಟುತ್ತವೆ. ಆ ಲೋಳೆ ಮೆಲ್ಲಗೆ ಗಂಟಲಿಗೆ ಏರಿ ಬರುತ್ತದೆ. ನಾವು ಅರಿವಿಲ್ಲದೆ ನುಂಗುತ್ತೇವೆ. ಎರಡನೆಯ ದಾರಿ ಕೈ. ತೊಳೆಯದ ಕೈಯಲ್ಲಿ ಸೇದಿದ ಬೀಡಿ, ಮುರಿದ ಗೋಳಿಬಜೆ ಸಾಕು. ಮುಖದ ಮುಂದೆ ಹಿಡಿಯುವ ಶೀಲ್ಡು ಬೆಳಕನ್ನು ತಡೆಯುತ್ತದೆ, ಹೊಗೆಯನ್ನಲ್ಲ. ಮೂಗಿಗೆ ಕಟ್ಟಿದ ಬೈರಾಸಿಗೂ ಅದು ನಿಲ್ಲದು. ಹೊಗೆಯ ಕಣಗಳಲ್ಲಿ ಹೆಚ್ಚಿನವು ಒಂದು ಮೈಕ್ರಾನ್‌ಗಿಂತ ಚಿಕ್ಕವು.

ಸತುವಿನ ಲೇಪವಿರುವ ಜಿ.ಐ. ಪೈಪನ್ನು ಬೆಸೆದ ದಿನ ಸಂಜೆ ಬಾಯಲ್ಲಿ ಲೋಹದ ರುಚಿ, ವಾಕರಿಕೆ, ಬಳಿಕ ಚಳಿ-ಜ್ವರ. ಇದು ಲೋಹದ ಹೊಗೆಯ ಜ್ವರ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತದೆ. ವಾರವಿಡೀ ಹೊಗೆಗೆ ಒಗ್ಗಿದ ದೇಹ ಭಾನುವಾರದ ಬಿಡುವಿನಲ್ಲಿ ಆ ಒಗ್ಗಿಕೆ ಕಳೆದುಕೊಳ್ಳುವುದರಿಂದ ಇಂಗ್ಲಿಷರು ಇದನ್ನು ‘ಸೋಮವಾರದ ಜ್ವರ’ ಎಂದೂ ಕರೆದರು. ಮಲೇರಿಯಾ ಕಂಡ ಮಂಗಳೂರಿನಲ್ಲಿ ಚಳಿ-ಜ್ವರ ಎಂದರೆ ರಕ್ತಪರೀಕ್ಷೆಗೆ ಓಡುವುದು ಸರಿಯೇ, ಅದನ್ನು ಬಿಡಬಾರದು. ಆದರೆ ಮಲೇರಿಯಾ ಇಲ್ಲವೆಂದಾದರೆ ಅಂದು ಏನು ಬೆಸೆದದ್ದೆಂದು ಕೇಳಬೇಕು.

ನಿಜವಾದ ಕಳ್ಳ ಸೀಸ. ಹಳೆಯ ಹಡಗು, ಸೇತುವೆಗಳ ಉಕ್ಕಿಗೆ ತುಕ್ಕು ಹಿಡಿಯದಿರಲೆಂದು ಸೀಸದ ಕೆಂಪು ಬಣ್ಣ ಬಳಿಯುವುದು ವಾಡಿಕೆಯಾಗಿತ್ತು. ಅಂಥ ತಗಡನ್ನು ಬಣ್ಣ ಕೆರೆಯದೆ ಗ್ಯಾಸಿನಲ್ಲಿ ಕತ್ತರಿಸಿದರೆ ಸೀಸ ಹೊಗೆಯಾಗುತ್ತದೆ. ಮೈಯಲ್ಲಿ ಅದು ಕೂಡುತ್ತಾ ಹೋದಂತೆ ಹೊಟ್ಟೆ ಹಿಂಡಿದಂಥ ನೋವು, ಮಲಬದ್ಧತೆ, ಊಟ ಸೇರದಿರುವುದು, ರಕ್ತಹೀನತೆ. ಥೇಟ್ ಗ್ಯಾಸ್ಟ್ರಿಕ್ಕೇ! ಮಾತ್ರೆ ನುಂಗಿ ಮತ್ತೆ ಅದೇ ಕೆಲಸಕ್ಕೆ ಹೋದರೆ ನೋವು ಮರಳುತ್ತದೆ. ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ 2016ರ ನಿಯಮ ಮನೆಗೆ, ಅಲಂಕಾರಕ್ಕೆ ಬಳಿಯುವ ಬಣ್ಣಗಳಿಗಾಗಿ ಮಾಡಿದ್ದು. ಕಾರ್ಖಾನೆಯ ಬಣ್ಣಗಳು ಅದರ ಹೊರಗೇ ಉಳಿದವು.

ಹಾಲು ಕುಡಿದರೆ, ಬೆಲ್ಲ ತಿಂದರೆ ಹೊಗೆ ತೊಳೆದು ಹೋಗುತ್ತದೆಂಬ ನಂಬಿಕೆ ವೆಲ್ಡರುಗಳಲ್ಲಿ ಗಟ್ಟಿಯಾಗಿದೆ. 1994ರಲ್ಲಿ ಪ್ರಕಟವಾದ ಲಕ್ನೋದ ಸಂಶೋಧನೆಯೊಂದು, ಬೆಲ್ಲದಿಂದ ಇಲಿಗಳ ಶ್ವಾಸಕೋಶದ ಧೂಳು ಬೇಗ ಸರಿಯಿತೆಂದು ಹೇಳಿದ್ದುಂಟು. ಇಲಿಯ ಧೂಳಿನಿಂದ ಮನುಷ್ಯನ ಹೊಗೆಗೆ ಹಾರುವುದು ಅವಸರವಾದೀತು. ಹಾಲೂ ಹೊಗೆಯನ್ನು ತೊಳೆಯದು. ಆದರೆ ಸೀಸ ಖಾಲಿ ಹೊಟ್ಟೆಯಲ್ಲಿ ಹೆಚ್ಚು ಹೀರಲ್ಪಡುತ್ತದೆ. ಕಬ್ಬಿಣಾಂಶ, ಸುಣ್ಣಾಂಶ ಕಡಿಮೆಯಿರುವವರಲ್ಲಿ ಇನ್ನೂ ಹೆಚ್ಚು. ಹಾಗಾಗಿ ಬರೀ ಚಹಾ ಕುಡಿದು ಓಡುವ ಹುಡುಗನಿಗಿಂತ ಬೆಳಿಗ್ಗೆ ಗಂಜಿ ಉಂಡು ಹೊರಟವನು ಮೇಲು.

ಐ.ಟಿ.ಐ.ಯಲ್ಲಿ ಒಂದು ವರ್ಷದ ವೆಲ್ಡರ್ ತರಬೇತಿ ಮುಗಿಸಿದ ಮಗ ಕೆಲಸಕ್ಕೆ ಸೇರುವಾಗ ತಂದೆ-ತಾಯಿ ಸಂಬಳ ವಿಚಾರಿಸುವುದು ಸಹಜ. ಹೊಗೆ ಎಳೆಯುವ ಫ್ಯಾನು ಇದೆಯೇ, ಸಾಬೂನು-ನೀರು ಇದೆಯೇ, ಊಟಕ್ಕೆ ಬೇರೆ ಜಾಗ ಇದೆಯೇ ಎಂದೂ ವಿಚಾರಿಸಬಹುದು. ಕೆಲಸದ ಬಟ್ಟೆಯನ್ನು ಬೇರೆಯಾಗಿಯೇ ಒಗೆಯಬೇಕು, ಏಕೆಂದರೆ ಮನೆಯ ಚಿಕ್ಕ ಮಕ್ಕಳ ಹೊಟ್ಟೆ ದೊಡ್ಡವರದಕ್ಕಿಂತ ಹಲವು ಪಟ್ಟು ಹೆಚ್ಚು ಸೀಸವನ್ನು ಹೀರುತ್ತದೆ. ಹೊಟ್ಟೆನೋವು ವಾರಗಟ್ಟಲೆ ಬಿಡದಿದ್ದರೆ, ವೈದ್ಯರು ಕೇಳದಿದ್ದರೂ ‘ವೆಲ್ಡಿಂಗ್ ಕೆಲಸ, ಹಳೆ ಬಣ್ಣದ ತಗಡು ಕತ್ತರಿಸುತ್ತೇನೆ’ ಎಂದು ಹೇಳಬೇಕು. ರಕ್ತದಲ್ಲಿನ ಸೀಸ ಅಳೆಯುವ ಪರೀಕ್ಷೆ ಇದೆ. ಆದರೆ ಅದು ಮಾಮೂಲಿ ರಕ್ತಪರೀಕ್ಷೆಯಲ್ಲಿ ಸೇರಿರುವುದಿಲ್ಲ, ಬೇರೆಯಾಗಿ ಬರೆಸಿಕೊಳ್ಳಬೇಕು.