ಮೊಬೈಲು ಕೊಟ್ಟಿಗೆಗೂ ಒಗ್ಗಲಿ

ಅಕ್ಕಂದಿರೇ, ಡೇರಿಗೆ ಹಾಲು ಹಾಕುವ ಎಷ್ಟೋ ಮನೆಗಳಲ್ಲಿ ಈಗ ಹೆಂಗಸರ ಕೈಯಲ್ಲೂ ಟಚ್ ಮೊಬೈಲು ಇದೆ. ಆದರೆ ಅದನ್ನು ಹೊಂದಿಸಿ ಕೊಟ್ಟವರು ಮಗನೋ ಮಗಳೋ ಆಗಿರುತ್ತಾರೆ. ಅಕ್ಷರ ಇರುವೆ ಸಾಲಿನಷ್ಟು ಸಣ್ಣದು, ಭಾಷೆ ಇಂಗ್ಲಿಷು, ಮೊದಲ ಪರದೆಯ ತುಂಬ ಮಕ್ಕಳ ಆಟಗಳು. ಡಾಕ್ಟರ ನಂಬರು ಹುಡುಕುವಷ್ಟರಲ್ಲಿ ಹಸು ಕರು ಹಾಕಿ ಎದ್ದು ನಿಂತಿರುತ್ತದೆ. ಮೊಬೈಲು ನಿಮ್ಮದೇ ಆಗಿದ್ದರೆ ಅದು ನಿಮ್ಮ ಕೆಲಸಕ್ಕೆ ತಕ್ಕಂತೆ ಇರಬೇಕು. ಅರ್ಧ ಗಂಟೆ ಬಿಡುವು ಮಾಡಿಕೊಂಡರೆ ಸಾಕು, ಆಗುತ್ತದೆ.

ಮೊದಲು ಸೆಟ್ಟಿಂಗ್ಸ್‌ಗೆ ಹೋಗಿ ಡಿಸ್‌ಪ್ಲೇ ಎಂಬಲ್ಲಿ ಅಕ್ಷರದ ಗಾತ್ರ ದೊಡ್ಡದು ಮಾಡಿಕೊಳ್ಳಿ. ಭಾಷೆಯನ್ನೂ ಅಲ್ಲೇ ಸೆಟ್ಟಿಂಗ್ಸ್‌ನಲ್ಲಿ ಕನ್ನಡಕ್ಕೆ ಬದಲಿಸಬಹುದು. ಟೈಪ್ ಮಾಡಲು ಬರುವುದಿಲ್ಲ ಎಂಬ ಅಂಜಿಕೆ ಬೇಡ. ಕೀಬೋರ್ಡಿಗೆ ಕನ್ನಡ ಸೇರಿಸಿಕೊಂಡು ಅದರ ಮೈಕಿನ ಚಿತ್ರ ಒತ್ತಿ ಮಾತಾಡಿದರೆ ಅಕ್ಷರ ತಾನಾಗಿ ಮೂಡುತ್ತದೆ. ಮೊದಲ ಪರದೆಯಲ್ಲಿ ನಿಮಗೆ ಬೇಕಾದ ಐದಾರು ಮಾತ್ರ ಉಳಿಸಿ: ಫೋನು, ವಾಟ್ಸಾಪು, ಕ್ಯಾಮೆರಾ, ಕ್ಯಾಲೆಂಡರು, ಹಾಡು ಕೇಳುವ ಆ್ಯಪು. ಪಶು ಸಂಜೀವಿನಿ ಆಂಬುಲೆನ್ಸಿನ 1962, ಡೇರಿ ಕಾರ್ಯದರ್ಶಿ, ಇಂಜೆಕ್ಷನ್ ಹಾಕುವ ಕಾರ್ಯಕರ್ತರು, ಡಾಕ್ಟರು, ಈ ನಾಲ್ಕು ನಂಬರುಗಳನ್ನು ಒಂದೇ ಸಲ ಒತ್ತಿದರೆ ಸಿಗುವಂತೆ ಇಟ್ಟುಕೊಳ್ಳಿ.

ಬೆರಳಿಟ್ಟರೆ ತೆರೆಯುವ ಬೀಗ ಕೊಟ್ಟಿಗೆಯಲ್ಲಿ ಕೈಕೊಡುತ್ತದೆ. ಹಾಲು ಕರೆದು, ಸಗಣಿ ಬಾಚಿ ಸವೆದ ಬೆರಳನ್ನು, ಅದರಲ್ಲೂ ಒದ್ದೆ ಬೆರಳನ್ನು ಅದು ಗುರುತಿಸುವುದಿಲ್ಲ. ಮೊಬೈಲು ಕೆಟ್ಟಿದೆ ಎಂದುಕೊಳ್ಳಬೇಡಿ. ನಿಮಗೆ ನೆನಪಿರುವ ನಾಲ್ಕಂಕಿಯ ಗುಟ್ಟು ನಂಬರನ್ನೂ ಇಟ್ಟುಕೊಳ್ಳಿ.

ಇನ್ನು ನನ್ನ ಮಟ್ಟಿಗೆ ಮೊಬೈಲಿನಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು ಕ್ಯಾಲೆಂಡರು. ಅದನ್ನು ತೆರೆದು ನೋಡಿದವರೇ ಕಡಿಮೆ. ಹಸು ಒಂದು ಬೆದೆ ತಪ್ಪಿಸಿಕೊಂಡರೆ ಮತ್ತೆ ಬೆದೆಗೆ ಬರಲು ಸುಮಾರು 21 ದಿನ ಬೇಕು. ಅಷ್ಟೂ ದಿನದ ಮೇವು, ಹಿಂಡಿ ನಿಮ್ಮ ಕೈಯಿಂದಲೇ ಹೋಗುತ್ತದೆ, ಮುಂದಿನ ಕರುವೂ ಅಷ್ಟು ದಿನ ತಡ. ಗೋಡೆಯ ಮೇಲೆ ಇದ್ದಿಲಲ್ಲಿ ಬರೆದಿಟ್ಟ ತಾರೀಖು ಸುಣ್ಣ ಬಳಿದಾಗ ಅಳಿಸಿಹೋಗುತ್ತದೆ. ಮೊಬೈಲಾದರೆ ಆ ದಿನ ತಾನೇ ಕೂಗಿ ಹೇಳುತ್ತದೆ.

ಒಂದು ಲೆಕ್ಕ ನೋಡಿ. ಗೌರಿಗೆ ಜೂನ್ 10ಕ್ಕೆ ಇಂಜೆಕ್ಷನ್ ಹಾಕಿಸಿದಿರಿ ಎಂದುಕೊಳ್ಳಿ. ಜೂನ್ 28ಕ್ಕೆ ಮೊದಲ ನೆನಪಿನ ಗಂಟೆ ಇಡಿ. ಅಲ್ಲಿಂದ ಜುಲೈ 4ರವರೆಗೆ ಬೆಳಗ್ಗೆ, ಸಂಜೆ, ಮಲಗುವ ಮುಂಚೆ ಒಮ್ಮೆ ಹಸುವನ್ನು ಗಮನಿಸಬೇಕು. ಕೂಗುವುದು, ಪಕ್ಕದ ದನದ ಮೇಲೆ ಹತ್ತುವುದು, ಗಾಜಿನಂಥ ತಿಳಿ ಲೋಳೆ ಸೋರುವುದು, ಹಾಲು ಇದ್ದಕ್ಕಿದ್ದಂತೆ ಇಳಿಯುವುದು ಕಂಡರೆ ಗಬ್ಬ ನಿಂತಿಲ್ಲ ಎಂದು ಅನುಮಾನಿಸಿ. ಬೆಳಗ್ಗೆ ಬೆದೆ ಕಂಡರೆ ಅದೇ ಸಂಜೆ, ಸಂಜೆ ಕಂಡರೆ ಮರುದಿನ ಬೆಳಗ್ಗೆ ಇಂಜೆಕ್ಷನ್ ಹಾಕಿಸಿ. ಏನೂ ಕಾಣದಿದ್ದರೂ ಗಬ್ಬವೇ ಎಂದು ಸುಮ್ಮನಾಗಬೇಡಿ. ಆಗಸ್ಟ್ 25ಕ್ಕೆ ಎರಡನೆಯ ಗಂಟೆ, ಅಂದು ಗಬ್ಬದ ಪರೀಕ್ಷೆ ಮಾಡಿಸಿ. ಗಬ್ಬ ಖಚಿತವಾದರೆ ಮುಂದಿನ ಗಂಟೆ ಜನವರಿ 16ಕ್ಕೆ, ಹಾಲು ಬತ್ತಿಸಲು. ಹಸುವಿಗೆ ಗಬ್ಬದ ಅವಧಿ ಸುಮಾರು 280 ದಿನ, ಹಾಗಾಗಿ ಮಾರ್ಚ್ 17ರ ಆಸುಪಾಸಿನಲ್ಲಿ ಕರು. ಅದಕ್ಕೆ ಮುಂಚಿನ ಎರಡು ತಿಂಗಳು ಕೆಚ್ಚಲಿಗೆ ವಿಶ್ರಾಂತಿ ಬೇಕೇ ಬೇಕು. ಎಮ್ಮೆಯಾದರೆ ಸುಮಾರು 310 ದಿನ, ಅಂದರೆ ಕರುವಿನ ತಾರೀಖನ್ನು ಒಂದು ತಿಂಗಳು ಮುಂದೆ ಹಾಕಿಕೊಳ್ಳಿ. ಎಮ್ಮೆಯ ಬೆದೆ ಸದ್ದಿಲ್ಲದ ಬೆದೆ, ಹೆಚ್ಚಾಗಿ ರಾತ್ರಿಯೋ ನಸುಕಿನಲ್ಲೋ ಕಾಣುವುದು. ಅದರ ಗಂಟೆಯನ್ನು ನಸುಕಿನ ಹೊತ್ತಿಗೇ ಇಡಿ.

ಕೆಚ್ಚಲು ಬಾವಿಗೆ ಆ್ಯಂಟಿಬಯೋಟಿಕ್ ಕೊಡಿಸಿದಾಗಲೂ ಇದೇ ಉಪಾಯ. ಎಷ್ಟು ದಿನ ಹಾಲನ್ನು ಡೇರಿಗೆ ಹಾಕಬಾರದು ಎಂದು ಡಾಕ್ಟರನ್ನು ಕೇಳಿ, ಆ ಗಡುವು ಮುಗಿಯುವ ದಿನವನ್ನು ಗುರುತು ಹಾಕಿಕೊಳ್ಳಿ. ಅಲ್ಲಿಯವರೆಗೆ ಆ ಹಾಲು ಮನೆಯ ಮಕ್ಕಳಿಗೂ ಬೇಡ.

ಹಾಡಿನ ವಿಷಯ ಕೇಳುವವರು ಬಹಳ. ಹಾಲು ಕರೆಯುವಾಗ ಹಾಡು ಹಾಕಬಹುದೇ? ಧಾರಾಳವಾಗಿ ಹಾಕಿ, ನಿಮಗಿಷ್ಟವಾದದ್ದನ್ನೇ ಹಾಕಿ. ಆದರೆ ದನಿ ಸಣ್ಣಗಿರಲಿ, ದಿನವೂ ಒಂದೇ ಥರ ಇರಲಿ. ಕೆಚ್ಚಲು ತೊಳೆದು ಸವರಿದಾಗ ಹಸುವಿನ ಮೈಯಲ್ಲಿ ಆಕ್ಸಿಟೋಸಿನ್ ಎಂಬ ಹಾರ್ಮೋನು ಹರಿದು ಹಾಲು ಸೊರೆಯುತ್ತದೆ. ಅದರ ಪ್ರಭಾವ ಐದಾರು ನಿಮಿಷ ಅಷ್ಟೆ. ಆ ಹೊತ್ತಿನಲ್ಲಿ ಮೊಬೈಲು ದಿಢೀರನೆ ಕಿರುಚಿಕೊಂಡರೆ ಹಸು ಬೆದರುತ್ತದೆ, ಹಾಲು ಏರಿಸಿಕೊಳ್ಳುತ್ತದೆ. ಆದ್ದರಿಂದ ಕರೆಯುವ ಮುಂಚೆ ರಿಂಗ್‌ಟೋನ್ ಸಣ್ಣಗೆ ಮಾಡಿ, ಮೊಬೈಲನ್ನು ದನಕ್ಕೆ ಎಟುಕದ ಗೂಡಿನಲ್ಲಿಡಿ. ಇನ್ನೊಂದು ಮಾತು: ಮೊಬೈಲು ಸಂತೆ, ಬಸ್ಸು, ಅಡುಗೆಮನೆ ಎಲ್ಲ ಸುತ್ತಿ ಬಂದ ಕೊಳಕು ವಸ್ತು. ಅದನ್ನು ಮುಟ್ಟಿದ ಕೈಯಲ್ಲೇ ಮೊಲೆತೊಟ್ಟು ಮುಟ್ಟಬೇಡಿ. ಮುಟ್ಟಲೇಬೇಕಾಗಿ ಬಂದರೆ ಕೈ ತೊಳೆದು ಒರೆಸಿಕೊಂಡು ಮತ್ತೆ ಕೂರಿ.

ಕುತ್ತಿಗೆಗೆ ದಾರ ಹಾಕಿ ಮೊಬೈಲು ತೂಗುಬಿಡುವ ಕವರು ಸಂತೆಯಲ್ಲಿ ಸಿಗುತ್ತದೆ. ನೋಡಲು ಚೆಂದ, ಡೇರಿಗೆ ಹೋಗಿ ಬರಲು ಸರಿ. ದನದ ಹತ್ತಿರ ಮಾತ್ರ ಅದು ಬೇಡ. ತಲೆ ಕೊಡವಿದಾಗ ದಾರ ಕೊಂಬಿಗೆ ಸಿಕ್ಕಿಕೊಂಡರೆ ಎಳೆಯುವುದು ನಿಮ್ಮ ಕುತ್ತಿಗೆಯನ್ನು. ಮನೆಯವರ ಹಳೆ ಅಂಗಿ ತೊಟ್ಟು ಕೊಟ್ಟಿಗೆಗೆ ಇಳಿಯುತ್ತೀರಲ್ಲ, ಅದರ ಜೇಬಿಗೆ ಒಂದು ಜಿಪ್ಪು ಹೊಲಿಸಿ. ಬಗ್ಗಿದಾಗ ಮೊಬೈಲು ಬಕೆಟ್ಟಿಗೆ ಬೀಳುವುದಿಲ್ಲ.

ಡಾಕ್ಟರಿಗೆ ಫೋಟೋ ಕಳಿಸುವಾಗ ಇಡೀ ದನ ಪಕ್ಕದಿಂದ ಕಾಣುವಂತೆ ಒಂದು, ಕಿವಿಯೋಲೆಯ 12 ಅಂಕಿ ಓದಲು ಬರುವಂತೆ ಒಂದು ತೆಗೆಯಿರಿ. ಉಸಿರಾಟ ಹೆಚ್ಚಿದ್ದರೆ ಪಕ್ಕೆಯನ್ನು ಒಂದು ನಿಮಿಷ ವಿಡಿಯೋ ಮಾಡಿ. ಹಾಲು ಒಡೆದಿದ್ದರೆ ಕಪ್ಪು ತಟ್ಟೆಗೆ ನಾಲ್ಕು ಹನಿ ಕರೆದು ತೋರಿಸಿ, ಗರಣೆ ಸ್ಪಷ್ಟವಾಗಿ ಕಾಣುತ್ತದೆ. ಆದರೆ ಎಡ ಹೊಟ್ಟೆ ಉಬ್ಬಿ ದನ ಒದ್ದಾಡುತ್ತಿದ್ದರೆ, ಕರು ಅಡ್ಡ ಸಿಕ್ಕಿದ್ದರೆ, ಕರು ಹಾಕಿದ ಹಸು ಕುತ್ತಿಗೆ ತಿರುಗಿಸಿ ಮಲಗಿ ಏಳದಿದ್ದರೆ ಫೋಟೋ ತೆಗೆಯುತ್ತ ನಿಲ್ಲಬೇಡಿ. ಮೊದಲು ಫೋನು ಮಾಡಿ.

ಹೊಸ ಆ್ಯಪುಗಳನ್ನು ಪ್ಲೇ ಸ್ಟೋರಿನಿಂದ ಮಾತ್ರ ಇಳಿಸಿಕೊಳ್ಳಿ. ಕೇಂದ್ರ ಸರ್ಕಾರ 2020ರಲ್ಲಿ ತಂದ ಇ-ಗೋಪಾಲ ಆ್ಯಪಿನಲ್ಲಿ ತಳಿ, ಮೇವು, ಮನೆಮದ್ದುಗಳ ಮಾಹಿತಿಯಿದೆ, ನೋಡಬಹುದು. ವಾಟ್ಸಾಪಿನಲ್ಲಿ ‘ಸಬ್ಸಿಡಿ ಬಂದಿದೆ, ಇದನ್ನು ಒತ್ತಿ’ ಎಂದು ಬರುವ ಎಪಿಕೆ ಫೈಲನ್ನು ಮಾತ್ರ ಮುಟ್ಟಲೇಬೇಡಿ. ಅದು ನಿಮ್ಮ ಮೆಸೇಜುಗಳನ್ನು ಕದ್ದು ಓದಿ ಬ್ಯಾಂಕಿನ ಹಣ ಎತ್ತುವ ದಾರಿ. ಹಣ ನಿಮ್ಮ ಖಾತೆಗೆ ಬರಲು ಪಿನ್ ಒತ್ತಬೇಕಾಗಿಲ್ಲ, ಪಿನ್ ಕೇಳಿದರೆ ಹೋಗುತ್ತಿದೆ ಎಂದೇ ಅರ್ಥ. ಮೋಸವಾಯಿತು ಎನಿಸಿದರೆ ತಡಮಾಡದೆ 1930ಕ್ಕೆ ಫೋನು ಮಾಡಿ.

ಕೊನೆಗೆ, ಕಿವಿಯೋಲೆ ಹಾಕಿಸುವಾಗ ಯಾರ ಮೊಬೈಲು ನಂಬರು ಬರೆಸಿದ್ದಿರಿ? ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಗನದ್ದಾದರೆ ಹಸುವಿನ ಮೆಸೇಜು ಅವನಿಗೆ ಹೋಗುತ್ತದೆ, ಹಸು ನೋಡುವವರು ನೀವು. ಮುಂದಿನ ಸಲ ಕಾರ್ಯಕರ್ತರು ಬಂದಾಗ ನಿಮ್ಮ ನಂಬರಿಗೆ ಬದಲಿಸಲು ಹೇಳಿ. ಡೇರಿಯಲ್ಲಿ, ಬ್ಯಾಂಕಿನಲ್ಲಿ ಯಾವ ನಂಬರು ಕೊಟ್ಟಿದೆ ಎಂಬುದನ್ನೂ ಅದೇ ವಾರ ವಿಚಾರಿಸಿಕೊಳ್ಳಿ.