ಬಂಡವಾಳಕ್ಕೆ ಬಾಗಿಲು: ಕರ್ನಾಟಕದ ಏಕಗವಾಕ್ಷಿ

ವಿದೇಶಿ ಹೂಡಿಕೆದಾರರು ತೆರಿಗೆ ರಿಯಾಯಿತಿಯ ಜೊತೆಗೆ ಭೂಮಿ, ನೀರು, ವಿದ್ಯುತ್ ಮತ್ತು ಅನುಮತಿ ಎಷ್ಟು ಬೇಗ ಸಿಗುತ್ತವೆ ಎಂಬುದನ್ನೂ ನೋಡುತ್ತಾರೆ. ಕರ್ನಾಟಕ 2002ರ ಕೈಗಾರಿಕಾ ಸೌಲಭ್ಯ ಕಾಯ್ದೆಯ ಮೂಲಕ, ಅನುಮತಿಗಳನ್ನು ಒಂದೇ ಕಡೆ ಒದಗಿಸುವ ಏಕಗವಾಕ್ಷಿ ವ್ಯವಸ್ಥೆಗೆ ಕಾನೂನಿನ ಬಲ ನೀಡಿತು. 15 ಕೋಟಿ ರೂಪಾಯಿವರೆಗಿನ ಯೋಜನೆಗಳನ್ನು ಜಿಲ್ಲಾ ಸಮಿತಿ, 500 ಕೋಟಿವರೆಗಿನವನ್ನು ರಾಜ್ಯ ಸಮಿತಿ, ಅದಕ್ಕೂ ದೊಡ್ಡವನ್ನು ಮುಖ್ಯಮಂತ್ರಿ ಅಧ್ಯಕ್ಷತೆಯ ಉನ್ನತ ಸಮಿತಿ ಪರಿಶೀಲಿಸುತ್ತವೆ. ಹೂಡಿಕೆದಾರರಿಗೂ ಇಲಾಖೆಗಳಿಗೂ ನಡುವಿನ ಕೊಂಡಿ ಕರ್ನಾಟಕ ಉದ್ಯೋಗ ಮಿತ್ರ. 2020ರ ತಿದ್ದುಪಡಿಯ ಬಳಿಕ, ಪ್ರಮಾಣಪತ್ರ (ಅಫಿಡವಿಟ್) ಸಲ್ಲಿಸಿ ಕಟ್ಟಡ ಕಾಮಗಾರಿ ಆರಂಭಿಸಿ, ಹಲವು ಅನುಮತಿಗಳನ್ನು ನಂತರ ಪಡೆಯಲು ಅವಕಾಶವಾಯಿತು.

ಆದರೆ ಬಂಡವಾಳ ಹೆಚ್ಚಾಗಿ ಬೆಂಗಳೂರಿನ ಸುತ್ತಲೇ ನೆಲೆಯೂರಿದೆ. ಬಿಡದಿಯ ಟೊಯೊಟಾ, ದೇವನಹಳ್ಳಿಯ ಫಾಕ್ಸ್‌ಕಾನ್ ಇದಕ್ಕೆ ಉದಾಹರಣೆ. ಈ ಅಸಮತೋಲನ ತಗ್ಗಿಸಲು ಹಿಂದುಳಿದ ತಾಲ್ಲೂಕುಗಳಿಗೆ ರಾಜ್ಯದ ಕೈಗಾರಿಕಾ ನೀತಿ ಹೆಚ್ಚಿನ ಪ್ರೋತ್ಸಾಹಧನ ನೀಡುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವ ಸಿಂಧನೂರು ತಾಲ್ಲೂಕಿನ ಗೊರೇಬಾಳದಂಥ ಊರುಗಳಿಗೆ ಹೊಂದುವುದು ಅಕ್ಕಿ ಸಂಸ್ಕರಣೆ, ತೌಡಿನ ಎಣ್ಣೆ, ಗೋದಾಮುಗಳಂಥ ಉದ್ಯಮ. ಅದಕ್ಕೆ ರಿಯಾಯಿತಿಯಷ್ಟೇ ಮುಖ್ಯವಾದುದು ಒಳ್ಳೆಯ ರಸ್ತೆ, ನಿರಂತರ ವಿದ್ಯುತ್, ತರಬೇತಿ ಪಡೆದ ಕೆಲಸಗಾರರು.

ಒಪ್ಪಂದಕ್ಕೆ ಸಹಿ ಬಿದ್ದ ಮಾತ್ರಕ್ಕೆ ಹೂಡಿಕೆ ಬಂದಂತಲ್ಲ. ಕಾರ್ಖಾನೆ ಶುರುವಾದ ಮೇಲೂ ತೊಡಕು ಬಿಡಿಸುವ, ವಿಸ್ತರಣೆಗೆ ನೆರವಾಗುವ ಅಧಿಕಾರಿ ಜಿಲ್ಲೆಯಲ್ಲೇ ಸಿಗಬೇಕು. ಭೂಮಿ ಕೊಟ್ಟ ರೈತರಿಗೆ ನ್ಯಾಯವಾದ ಪರಿಹಾರ, ಸ್ಥಳೀಯರಿಗೆ ಕೆಲಸ ದೊರೆತರೆ ಉದ್ಯಮಕ್ಕೂ ಊರಿನ ಬೆಂಬಲ ಉಳಿಯುತ್ತದೆ.